1951ರ ಏಪ್ರಿಲ್, ಹನ್ನೊಂದು ಸೋಲು

ಮ್ಯಾನ್‌ಹಟನ್‌ನ ಮೇಲ್ತುದಿಗೆ, 155ನೇ ಸ್ಟ್ರೀಟ್ ಹತ್ರ ಒಂದು ಹಳೇ ಮೆಟ್ಟಿಲಿದೆ. ಎಜ್‌ಕೂಂಬ್ ಅವೆನ್ಯೂ ಅನ್ನೋ ರಸ್ತೆ ಗುಡ್ಡದ ಮೇಲೆ ಹೋಗುತ್ತೆ, ಅಲ್ಲಿಂದ ಮೆಟ್ಟಿಲಿಳಿದ್ರೆ ಕೆಳಗೆ ದೊಡ್ಡ ದೊಡ್ಡ ಅಪಾರ್ಟ್‌ಮೆಂಟ್ ಬ್ಲಾಕ್‌ಗಳು, ಒಣಗೋಕೆ ಹಾಕಿದ ಬಟ್ಟೆ, ಮಕ್ಕಳ ಸೈಕಲ್ಲು. ಅಷ್ಟೇ. ನಾನು ಮೊನ್ನೆ ಭಾನುವಾರ ಹೆಂಡ್ತೀನ ಕರ್ಕೊಂಡು ಅದನ್ನ ನೋಡೋಕೇ ಅಂತ ನ್ಯೂಜೆರ್ಸಿಯಿಂದ ಹೋಗಿದ್ದೆ. ಅವಳು ಮೆಟ್ಟಿಲ ಮೇಲೆ ನಿಂತು ಎರಡು ನಿಮಿಷ ಆ ಕಡೆ ಈ ಕಡೆ ನೋಡಿ, "ರೀ, ಇಲ್ಲೇನೂ ಇಲ್ವಲ್ರೀ, ಇದಕ್ಕೆ ಎರಡು ಟ್ರೇನ್ ಬದಲಾಯಿಸ್ಕೊಂಡು ಬಂದ್ವಾ?" ಅಂದ್ಲು. ಏನೂ ಇಲ್ಲ, ನಿಜ. ಆ ಅಪಾರ್ಟ್‌ಮೆಂಟ್ ಇರೋ ಜಾಗದಲ್ಲಿ 1964ರ ತನಕ ಪೋಲೋ ಗ್ರೌಂಡ್ಸ್ ಅನ್ನೋ ಸ್ಟೇಡಿಯಂ ಇತ್ತು, ಹೆಸರು ಪೋಲೋ ಆದ್ರೂ ಆಡ್ತಿದ್ದಿದ್ದು ಬೇಸ್‌ಬಾಲು, ನ್ಯೂಯಾರ್ಕ್ ಜೈಂಟ್ಸ್ ಅನ್ನೋ ಟೀಮಿನ ಮನೆ. ಟೀಮು 1957ರ ಸೀಸನ್ ಮುಗಿಸಿ ಗಂಟುಮೂಟೆ ಕಟ್ಕೊಂಡು ಸ್ಯಾನ್ ಫ್ರಾನ್ಸಿಸ್ಕೋಗೆ ಹೋಯ್ತು, ಆಮೇಲೆ ಸ್ಟೇಡಿಯಂ ಕೆಡವಿದ್ರು, ಉಳಿದಿದ್ದು ಈ ಮೆಟ್ಟಿಲೊಂದೇ.

ಈ ಜಾಗ ಅಂದ್ರೆ ಬೇಸ್‌ಬಾಲ್ ಗೊತ್ತಿರೋರೆಲ್ಲ ಹೇಳೋದು ಒಂದೇ ಮಾತು, 1951ರ ಅಕ್ಟೋಬರ್ 3, ಜೈಂಟ್ಸ್‌ನ ಬಾಬಿ ಥಾಮ್ಸನ್ ಕೊನೇ ಇನ್ನಿಂಗ್ಸಲ್ಲಿ ಹೊಡೆದು ಲೀಗ್ ಗೆಲ್ಲಿಸಿಕೊಟ್ಟ ಹೋಮ್ ರನ್, ನಮ್ ಸಿಕ್ಸರ್ ಥರದ್ದು. ಆ ಒಂದು ಹೊಡೆತದ ಬಗ್ಗೆ ಎಷ್ಟು ಬರೆದಿದಾರೆ ಅಂದ್ರೆ ಇನ್ನು ನಾನು ಬರೆಯೋಕೆ ಏನೂ ಉಳಿದಿಲ್ಲ. ನನಗೆ ತಲೇಲಿ ಕೂತಿರೋದು ಅದೇ ವರ್ಷದ ಏಪ್ರಿಲ್ಲು. ಆ ವರ್ಷದ ಆಟಗಳ ಪಟ್ಟಿ ತೆಗೆದು ಮೇಲಿಂದ ಕೆಳಗೆ ಬೆರಳಿಟ್ಟು ನೋಡ್ತಾ ಹೋದ್ರೆ ಶುರುವಿನಲ್ಲೇ ಸೋಲು, ಸೋಲು, ಸೋಲು, ಸೋಲು ಅಂತ ಒಂದು ಕರೀ ಗೆರೆ ಎಳೆದ ಹಾಗಿದೆ. ಹನ್ನೊಂದು ಆಟ, ಒಂದರ ಹಿಂದೆ ಒಂದು.

ಕ್ರಿಕೆಟ್ ಮಾತ್ರ ನೋಡೋರಿಗೆ ಸ್ವಲ್ಪ ಹೇಳ್ಬಿಡ್ತೀನಿ, ಗೊತ್ತಿರೋರು ಈ ಪ್ಯಾರಾ ಬಿಟ್ಟು ಮುಂದಕ್ಕೆ ಹೋಗಿ. ಆಗಿನ ನ್ಯಾಷನಲ್ ಲೀಗಲ್ಲಿ ಇದ್ದಿದ್ದು ಎಂಟೇ ಟೀಮು. ಪ್ರತಿ ಟೀಮಿಗೆ ಸೀಸನ್‌ಗೆ 154 ಆಟ, ಅಂದ್ರೆ ಮಿಕ್ಕ ಏಳು ಟೀಮಿನ ಜೊತೆ ತಲಾ 22 ಸಲ. ಸೆಮಿಫೈನಲ್ಲು, ಕ್ವಾಲಿಫೈಯರ್ರು, ಎಲಿಮಿನೇಟರ್ರು ಯಾವ್ದೂ ಇಲ್ಲ. 154 ಆಟ ಆದ್ಮೇಲೆ ಯಾರು ಮೊದಲನೇ ಜಾಗದಲ್ಲಿ ಇರ್ತಾರೋ ಅವರು ನೇರ ವರ್ಲ್ಡ್ ಸೀರೀಸ್‌ಗೆ, ಅಂದ್ರೆ ಇನ್ನೊಂದು ಲೀಗ್ ಗೆದ್ದೋರ ಜೊತೆ ಫೈನಲ್‌ಗೆ, ಮಿಕ್ಕ ಏಳು ಟೀಮು ಮನೆಗೆ. ಎರಡು ಟೀಮು ಸಮ ಸಮ ಬಂದ್ರೆ ಮಾತ್ರ ಮೂರು ಆಟದ ಒಂದು ಪ್ಲೇಆಫ್. ನಮ್ ಐಪಿಎಲ್ ಥರ ಮೊದಲಲ್ಲಿ ಹಿಗ್ಗಾಮುಗ್ಗಾ ಸೋತು ಕೊನೇಲಿ ನಾಲ್ಕನೇ ಜಾಗಕ್ಕೆ ತೂರ್ಕೊಳೋ ಕಿಂಡಿ ಅಲ್ಲಿರಲಿಲ್ಲ. ನಾವು ಆರ್‌ಸಿಬಿ ಜನ, 2024ರಲ್ಲಿ ಎಂಟರಲ್ಲಿ ಏಳು ಸೋತು ಆಮೇಲೆ ಆರಕ್ಕಾರೂ ಗೆದ್ದು ಒಳಗೆ ಹೋಗಿದ್ದನ್ನ ಕಣ್ಣಾರೆ ನೋಡಿದೀವಿ, ಆದ್ರೆ ಅದು ನಾಲ್ಕನೇ ಸೀಟು. ಇಲ್ಲಿ ಇರೋದು ಒಂದೇ ಸೀಟು.

ಇನ್ನೊಂದು, ಏಪ್ರಿಲ್ ಅಂದ್ರೆ ಇಲ್ಲಿ ನಮ್ ಕಡೆ ಥರ ಬೇಸಿಗೆ ಅಲ್ಲ. ಕೈ ಮರಗಟ್ಟುವಷ್ಟು ಚಳಿ, ಗಾಳಿ, ಮಧ್ಯೆ ಮಧ್ಯೆ ಮಳೆ. ನಾನು ಇಲ್ಲಿಗೆ ಬಂದ ಮೊದಲ ವರ್ಷ ಏಪ್ರಿಲ್ ಆಟಕ್ಕೆ ಟಿಕೆಟ್ ಅಗ್ಗ ಅಂತ ಖುಷಿಯಾಗಿ ಟೀ ಶರ್ಟ್ ಹಾಕ್ಕೊಂಡು ಹೋಗಿ ಮೂರನೇ ಇನ್ನಿಂಗ್ಸ್‌ಗೆ ಎದ್ದು ಬಂದಿದ್ದೆ. ಯಾಕೆ ಅಗ್ಗ ಅಂತ ಆಗ ಗೊತ್ತಾಯ್ತು. ಜನಕ್ಕೂ ಪೇಪರಿನವ್ರಿಗೂ ಏಪ್ರಿಲ್ ಆಟ ಅಂದ್ರೆ ಒಂಥರಾ ಅಸಡ್ಡೆ, ಇನ್ನೂ ಬೇಕಾದಷ್ಟಿದೆ ಬಿಡು ಅನ್ನೋ ಭಾವನೆ. ಆದ್ರೆ ಲೆಕ್ಕದ ಪುಸ್ತಕದಲ್ಲಿ ಏಪ್ರಿಲ್ ಸೋಲೂ ಒಂದೇ, ಸೆಪ್ಟೆಂಬರ್ ಸೋಲೂ ಒಂದೇ.

ಸರಿ, ಕಥೆಗೆ ಬರ್ತೀನಿ. ಜೈಂಟ್ಸ್ 1950ರಲ್ಲಿ 86 ಗೆದ್ದು ಮೂರನೇ ಜಾಗದಲ್ಲಿ ಮುಗಿಸಿದ್ರು, ಅದೂ ಸೀಸನ್ನಿನ ಎರಡನೇ ಅರ್ಧದಲ್ಲಿ ಚೆನ್ನಾಗಿ ಆಡಿ. ಹಾಗಾಗಿ 51ಕ್ಕೆ ಭಾರಿ ನಿರೀಕ್ಷೆ. ಮ್ಯಾನೇಜರ್ ಲಿಯೋ ಡುರೋಷರ್, ಮಹಾ ಬಾಯಿಬಡುಕ, ಜಗಳಗಂಟ. ಈ ಮನುಷ್ಯ 1948ರ ಜುಲೈ ತನಕ ಇದ್ದಿದ್ದೇ ಎದುರಾಳಿ ಮನೇಲಿ, ಬ್ರೂಕ್ಲಿನ್ ಡಾಡ್ಜರ್ಸ್ ಮ್ಯಾನೇಜರ್ ಆಗಿ. ಸೀಸನ್ ನಡುವೇನೇ ಅಲ್ಲಿಂದ ಎದ್ದು ಸೀದಾ ಜೈಂಟ್ಸ್‌ಗೆ ಬಂದ. ಎರಡು ಟೀಮಿನ ಮಧ್ಯೆ ಇದ್ದಿದ್ದು ಒಂದು ಸಬ್‌ವೇ ಪ್ರಯಾಣದ ದೂರ, ದ್ವೇಷ ಮಾತ್ರ ತಲೆಮಾರುಗಳದ್ದು. ಒಂದೇ ಆಫೀಸಲ್ಲಿ ಅಣ್ಣ ಡಾಡ್ಜರ್ಸು ತಮ್ಮ ಜೈಂಟ್ಸು ಅನ್ನೋ ಕಾಲ. ಅಂಥಾದ್ರಲ್ಲಿ ಡುರೋಷರ್ ಈಕಡೆ ಬಂದಿದ್ದು ಅಂದ್ರೆ ಮದುವೆ ಮುರ್ಕೊಂಡು ಪಕ್ಕದ ಮನೆ ಹುಡುಗೀನ ಕಟ್ಕೊಂಡ ಹಾಗೆ, ದಿನಾ ಬೆಳಗಾದ್ರೆ ಮುಖ ನೋಡ್ಲೇಬೇಕು.

ಏಪ್ರಿಲ್ 17ಕ್ಕೆ ಬಾಸ್ಟನ್‌ನಲ್ಲಿ ಬ್ರೇವ್ಸ್ ಜೊತೆ ಮೊದಲ ಆಟ. ಲ್ಯಾರಿ ಜಾನ್ಸನ್ ಪಿಚಿಂಗ್ (ನಮ್ ಬೌಲಿಂಗ್ ಇದ್ದ ಹಾಗೆ), ಬ್ರೇವ್ಸ್‌ಗೆ ಒಂದು ರನ್ನೂ ಕೊಡದೇ ಗೆಲ್ಲಿಸಿಕೊಟ್ಟ. (ಈ ಜಾನ್ಸನ್ ಹೆಸರು ನೆನಪಿಟ್ಕೊಳ್ಳಿ, ಕೊನೇಲಿ ಬರ್ತಾನೆ.) ಮಾರನೇ ದಿನ ಸೋಲು. 19ನೇ ತಾರೀಕು ಒಂದೇ ದಿನ ಎರಡು ಆಟ, ಮೊದಲನೇದು ಗೆದ್ರು, ಎರಡನೇದು ಸೋತ್ರು. ಎರಡು ಗೆಲುವು ಎರಡು ಸೋಲು, ಪರವಾಗಿಲ್ಲ ಅನ್ನೋ ಹಾಗಿತ್ತು. ಮನೆಗೆ ಬಂದ್ರು, 20ರಿಂದ 22ರ ತನಕ ಪೋಲೋ ಗ್ರೌಂಡ್ಸಲ್ಲಿ ಡಾಡ್ಜರ್ಸ್ ಜೊತೆ ಮೂರು ಆಟ, ಮೂರೂ ಹೋಯ್ತು. ಅಲ್ಲಿಂದ ವಾರ ಪೂರ್ತಿ ಯಾರ ಜೊತೆ ಆಡಿದ್ರೂ ಸೋಲೇ. 28, 29ಕ್ಕೆ ಬ್ರೂಕ್ಲಿನ್‌ಗೇ ಹೋಗಿ ಡಾಡ್ಜರ್ಸ್ ಕೈಲಿ ಇನ್ನೆರಡು ಒದೆ. ಲೆಕ್ಕ ಹಾಕಿದ್ರೆ 2 ಗೆಲುವು, 12 ಸೋಲು. ಲೀಗಿನ ಕಟ್ಟಕಡೆ.

ಪೋಲೋ ಗ್ರೌಂಡ್ಸಲ್ಲಿ ಸೋಲೋದಕ್ಕೆ ಇನ್ನೊಂದು ವಿಶೇಷ ಹಿಂಸೆ ಇತ್ತು. ಆ ಸ್ಟೇಡಿಯಂ ಆಕಾರವೇ ವಿಚಿತ್ರ, ಸ್ನಾನದ ತೊಟ್ಟಿ ಥರ ಉದ್ದುದ್ದ. ಎರಡು ಪಕ್ಕದಲ್ಲಿ ಗೋಡೆ ಎಷ್ಟು ಹತ್ತಿರ ಅಂದ್ರೆ ಬಲಗಡೆ ಗೆರೆ ಗುಂಟ 258 ಅಡಿಗೇ ಹೋಮ್ ರನ್ನು, ನಮ್ ಗಲ್ಲಿ ಕ್ರಿಕೆಟ್ಟಲ್ಲಿ ಆಂಟಿ ಮನೆ ಕಾಂಪೌಂಡ್ ದಾಟಿದ್ರೆ ಸಿಕ್ಸರ್ ಅಂತೀವಲ್ಲ ಹಾಗೆ. ನಡುವೆ ಸೆಂಟರ್ ಫೀಲ್ಡ್ ಮಾತ್ರ 480 ಅಡಿ ಆಚೆ. ಆಟಗಾರರ ಡ್ರೆಸ್ಸಿಂಗ್ ರೂಮ್ ಇದ್ದಿದ್ದು ಅಲ್ಲಿ, ಆ ಸೆಂಟರ್ ಫೀಲ್ಡಿನ ತುದೀಲಿ. ಬೇರೆ ಕಡೆ ಸೋತ್ರೆ ಡಗೌಟಿನ ಹಿಂದಿನ ಬಾಗಿಲಿಂದ ತಲೆ ತಗ್ಗಿಸ್ಕೊಂಡು ಮಾಯ ಆಗ್ಬಹುದು, ಇಲ್ಲಿ ಸೋತೋನು ಇಡೀ ಮೈದಾನ ನಡ್ಕೊಂಡು ಹೋಗ್ಬೇಕು, ಎರಡೂ ಪಕ್ಕ ಜನ. ಆ ಏಪ್ರಿಲ್ ಚಳೀಲಿ ಡಾಡ್ಜರ್ಸ್ ಫ್ಯಾನ್ಸ್ ಮುಂದೆ ಆ ನಡಿಗೆ ಹೇಗಿದ್ದಿರಬಹುದು ಅಂತ ಮೆಟ್ಟಿಲ ಮೇಲೆ ನಿಂತಾಗ ನಾನು ಯೋಚನೆ ಮಾಡ್ತಿದ್ದೆ, ಹೆಂಡ್ತಿ ಅಷ್ಟೊತ್ತಿಗೆ ಕಾಫಿ ಎಲ್ಲಿ ಸಿಗುತ್ತೆ ಅಂತ ಫೋನಲ್ಲಿ ಹುಡುಕ್ತಿದ್ಲು.

ಏಪ್ರಿಲ್ 30, ಸೋಮವಾರ. ಎಬೆಟ್ಸ್ ಫೀಲ್ಡ್, ಬ್ರೂಕ್ಲಿನ್, ಡಾಡ್ಜರ್ಸ್ ಮನೆ ಮೈದಾನ. ಜೈಂಟ್ಸ್ ಕಡೆಯಿಂದ ಸಾಲ್ ಮ್ಯಾಗ್ಲಿ ಪಿಚಿಂಗ್. ಈತನಿಗೆ ಬಾರ್ಬರ್ ಅಂತ ಅಡ್ಡಹೆಸರು, ಚೆಂಡನ್ನ ಬ್ಯಾಟ್ಸ್‌ಮನ್ ಗಡ್ಡ ಬೋಳಿಸೋ ಹಾಗೆ ಮುಖದ ಪಕ್ಕ ಎಸೀತಿದ್ದ ಅಂತ. ಡಾಡ್ಜರ್ಸ್‌ನ ಜಾಕಿ ರಾಬಿನ್ಸನ್‌ಗೂ ಅದೇ ಥರ ಒಂದು ಹಾಕಿದ. ರಾಬಿನ್ಸನ್ ಏನ್ ಮಾಡಿದ ಅಂದ್ರೆ, ಬಡಿದಾಡೋಕೆ ಹೋಗ್ಲಿಲ್ಲ, ಬ್ಯಾಟು ಅಡ್ಡ ಹಿಡಿದು ಚೆಂಡನ್ನ ಮೆಲ್ಲಗೆ ಮೊದಲ ಬೇಸಿನ (ಹೊಡೆದೋನು ಓಡಿ ಮುಟ್ಟಬೇಕಾದ ಮೊದಲ ಗುರುತು) ಗೆರೆ ಕಡೆ ತಟ್ಟಿದ. ಅದನ್ನ ಹಿಡಿಯೋಕೆ ಪಿಚ್ಚರ್ರೇ ಬರ್ಬೇಕು, ಬಂದ, ಬಂದೋನಿಗೆ ರಾಬಿನ್ಸನ್ ಓಡ್ತಾ ಬಂದು ಡಿಕ್ಕಿ ಹೊಡೆದ. ಎಂಥ ಲೆಕ್ಕಾಚಾರ ನೋಡಿ. ಗಲಾಟೆ ಆಯ್ತು, ಆದ್ರೆ ಆಟ ಜೈಂಟ್ಸ್ ಗೆದ್ರು, 8-5. ಹನ್ನೊಂದು ಸೋಲಿನ ಗ್ರಹಚಾರ ಕೊನೆಗೂ ಬಿಡ್ತು.

ಇಲ್ಲಿಂದ ಮುಂದೆ ಎಲ್ಲರೂ ಹೇಳೋ ಕಥೆ ಏನಂದ್ರೆ, ಟೀಮ್ ಒದ್ದಾಡ್ತಿತ್ತು, ಮೇ 25ಕ್ಕೆ ವಿಲ್ಲಿ ಮೇಸ್ ಅನ್ನೋ ಇಪ್ಪತ್ತು ವರ್ಷದ ಹುಡುಗ ಬಂದ, ಎಲ್ಲ ಬದಲಾಯ್ತು ಅಂತ. ಸಿನಿಮಾ ಥರ ಚೆನ್ನಾಗಿದೆ ಕೇಳೋಕೆ. ಆದ್ರೆ ಅಂಕಿ ಹಾಗೆ ಹೇಳಲ್ಲ. ಮೇಸ್ ಬಂದ ದಿನ ಜೈಂಟ್ಸ್ ಲೆಕ್ಕ 17 ಗೆಲುವು 19 ಸೋಲು. ಏಪ್ರಿಲ್ 29ಕ್ಕೆ 2-12 ಇದ್ದಿದ್ದು ತಾನೇ? ಕಳೆದು ನೋಡಿ. ನಡುವೆ 22 ಆಟದಲ್ಲಿ 15 ಗೆದ್ದಿದಾರೆ, ಬರೀ 7 ಸೋತಿದಾರೆ. ಮೇಸ್ ಇಲ್ದೇನೇ. ಈ ಮೂರೂವರೆ ವಾರದ ಬಗ್ಗೆ ಯಾರೂ ಹಾಡು ಕಟ್ಟಲ್ಲ, ಇದರಲ್ಲಿ ಒಂದು ಫೋಟೋ ಕೂಡ ಫೇಮಸ್ ಆಗಿಲ್ಲ, ಆದ್ರೆ ನನ್ನ ಪ್ರಕಾರ ಆ ಸೀಸನ್ ಉಳಿದಿದ್ದೇ ಇಲ್ಲಿ. ಹನ್ನೊಂದು ಸೋತ ಟೀಮು ಇನ್ನೊಂದು ಆರು ಸೋತು ಜೂನ್ ಹೊತ್ತಿಗೆ ಕೈಚೆಲ್ಲಿ ಕೂರೋದು ಮಾಮೂಲು, ಇವರು ದಿನಾ ಹೋಗಿ ದಿನಗೂಲಿ ಮಾಡೋರ ಹಾಗೆ ಒಂದೊಂದೇ ವಾಪಸ್ ಸಂಪಾದಿಸಿದ್ರು.

ಮತ್ತೊಂದು ಕಾರಣಕ್ಕೂ ನನಗೆ ಈ ಮೇ ತಿಂಗಳು ಇಷ್ಟ. 2001ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪೇಪರಲ್ಲಿ ಹೊರಗೆ ಬಂತು, 1951ರ ಜುಲೈ ಇಪ್ಪತ್ತರ ಸುಮಾರಿನಿಂದ ಜೈಂಟ್ಸ್ ಆ ಸೆಂಟರ್ ಫೀಲ್ಡ್ ಡ್ರೆಸ್ಸಿಂಗ್ ರೂಮಿನ ಕಿಟಕೀಲಿ ಟೆಲಿಸ್ಕೋಪ್ ಇಟ್ಟು ಎದುರಾಳಿ ಕ್ಯಾಚರ್ (ನಮ್ ವಿಕೆಟ್ ಕೀಪರ್ ಥರ) ಮುಂದಿನ ಚೆಂಡು ಎಂಥದ್ದು ಅಂತ ಪಿಚ್ಚರ್‌ಗೆ ಬೆರಳಲ್ಲಿ ತೋರಿಸೋ ಸನ್ನೆ ಕದ್ದು ನೋಡಿ, ಬಜರ್ ಒತ್ತಿ ತಮ್ಮವ್ರಿಗೆ ತಿಳಿಸ್ತಿದ್ರು ಅಂತ. ಹಾಗಾಗಿ ಆಗಸ್ಟ್ ಸೆಪ್ಟೆಂಬರ್ ಅಕ್ಟೋಬರ್ ಗೆಲುವು ಹೇಳಿದ ಕೂಡಲೇ ಯಾರಾದ್ರೂ ಒಬ್ರು ಟೆಲಿಸ್ಕೋಪ್ ಅಂತಾರೆ, ವಾದ ಶುರು. ಮೇ ತಿಂಗಳ ಹದಿನೈದು ಗೆಲುವಿಗೆ ಆ ಕಾಟ ಇಲ್ಲ. ಏಪ್ರಿಲ್ ಸೋಲಿಗಂತೂ ಇಲ್ವೇ ಇಲ್ಲ, ಅಷ್ಟು ಪ್ರಾಮಾಣಿಕವಾಗಿ ಸೋತ ಟೀಮು ಇನ್ನೊಂದಿರಲಿಕ್ಕಿಲ್ಲ!

ಡುರೋಷರ್ ಕೈ ಕಟ್ಕೊಂಡು ಕೂತಿರಲಿಲ್ಲ. ಮಾಂಟಿ ಅರ್ವಿನ್‌ನ ಮೊದಲ ಬೇಸಲ್ಲಿ ನಿಲ್ಸಿದ್ರು, ಅವನಿಗದು ಒಗ್ಗಿದ ಜಾಗ ಅಲ್ಲ. ವೈಟಿ ಲಾಕ್‌ಮನ್ ಲೆಫ್ಟ್ ಫೀಲ್ಡಲ್ಲಿದ್ದ. ಮೇ ಮೂರನೇ ವಾರದ ಹೊತ್ತಿಗೆ ಇಬ್ಬರನ್ನೂ ಅದಲು ಬದಲು ಮಾಡಿದ. ಅಷ್ಟೇ, ಹೊಸದಾಗಿ ಯಾರನ್ನೂ ತರಲಿಲ್ಲ, ದುಡ್ಡು ಖರ್ಚಾಗ್ಲಿಲ್ಲ. ಅರ್ವಿನ್ ಆ ವರ್ಷ 121 ರನ್ ತಂದುಕೊಟ್ಟು ಇಡೀ ಲೀಗಿಗೇ ಮೊದಲು ಬಂದ. ಅವನಿಗೆ ಆಗಲೇ ವಯಸ್ಸು 32, ಕಪ್ಪು ಜನರಿಗೆ ಮೇಜರ್ ಲೀಗ್ ಬಾಗಿಲು 1947ರಲ್ಲಿ ರಾಬಿನ್ಸನ್ ಬರೋ ತನಕ ಮುಚ್ಚಿದ್ರಿಂದ ಒಳ್ಳೇ ವಯಸ್ಸೆಲ್ಲ ನೀಗ್ರೋ ಲೀಗಲ್ಲೇ ಕಳೆದುಹೋಗಿತ್ತು.

ಇನ್ನು ಮೇಸ್. ಜೈಂಟ್ಸ್‌ನ ಕೆಳಗಿನ ಟೀಮು ಮಿನಿಯಾಪೊಲಿಸ್‌ನಲ್ಲಿ ಆಡ್ತಿದ್ದ, 35 ಆಟದಲ್ಲಿ ಸರಾಸರಿ .477. ಬೇಸ್‌ಬಾಲಲ್ಲಿ ಹತ್ತು ಸಲ ಬ್ಯಾಟ್ ಹಿಡಿದು ಮೂರು ಹಿಟ್ (ಚೆಂಡು ಹೊಡೆದು ಬೇಸ್ ಮುಟ್ಟೋದು) ಹೊಡೆದ್ರೆ ಸ್ಟಾರು, ಈ ಹುಡುಗ ಹತ್ರ ಹತ್ರ ಐದು ಹೊಡೀತಿದ್ದ. ಕರೆ ಬಂದಾಗ ಟೀಮಿನ ಜೊತೆ ಅಯೋವಾದ ಸೂ ಸಿಟೀಲಿದ್ದ, ಥಿಯೇಟರಲ್ಲಿ ಸಿನಿಮಾ ನೋಡ್ತಾ ಕೂತಿದ್ದೋನನ್ನ ಹುಡುಕಿ ಕರೆಸಿದ್ರು. ಫೋನಲ್ಲಿ ಡುರೋಷರ್‌ಗೆ ಈತ ನಾನಿನ್ನೂ ರೆಡಿ ಇಲ್ಲ ಸಾರ್, ಬರಲ್ಲ ಅಂದನಂತೆ. ಆತ ನಿನ್ನ ಆವರೇಜ್ ಎಷ್ಟು ಅಂತ ಕೇಳ್ದ, ಇವ ಹೇಳ್ದ, ಆಮೇಲೆ ಆಕಡೆಯಿಂದ ಬಂದ ಬೈಗುಳ ಬರೆಯೋ ಹಾಗಿಲ್ಲ. ಟೀಮ್ ಓನರ್ ಹೊರೇಸ್ ಸ್ಟೋನಮ್ ಮಿನಿಯಾಪೊಲಿಸ್ ಪೇಪರಲ್ಲಿ ದುಡ್ಡು ಕೊಟ್ಟು ಜಾಹೀರಾತು ಹಾಕ್ಸಿದ, ನಿಮ್ಮ ಹುಡುಗನ್ನ ಕರ್ಕೊಂಡು ಹೋಗ್ತಿದೀವಿ ಬೇಜಾರು ಮಾಡ್ಕೋಬೇಡಿ ಅನ್ನೋ ಅರ್ಥದಲ್ಲಿ. ಮಗಳನ್ನ ಕಳಿಸಿಕೊಡಿ ಅಂತ ಬೀಗರು ಕೇಳೋ ಥರ.

ಬಂದ. ಮೇ 25, ಫಿಲಡೆಲ್ಫಿಯಾ. ಐದು ಸಲ ಬ್ಯಾಟ್ ಹಿಡಿದ, ಒಂದೂ ಹಿಟ್ ಇಲ್ಲ. ಅಲ್ಲಿ ಮೂರು ಆಟದಲ್ಲಿ ಒಟ್ಟು 12 ಸಲ, ಸೊನ್ನೆ. ತಮಾಷೆ ಏನಂದ್ರೆ ಆ ಮೂರೂ ಆಟ ಜೈಂಟ್ಸ್ ಗೆದ್ರು. ಸೊನ್ನೆ ಹೊಡೆದ ಹುಡುಗ ಡ್ರೆಸ್ಸಿಂಗ್ ರೂಮಲ್ಲಿ, ಗೆದ್ದ ಟೀಮು ಸುತ್ತಮುತ್ತ. ಮೇ 28ಕ್ಕೆ ಪೋಲೋ ಗ್ರೌಂಡ್ಸಲ್ಲಿ ಮೊದಲ ಸಲ ಆಡಿದ, ಎದುರಿಗೆ ಬ್ರೇವ್ಸ್‌ನ ವಾರನ್ ಸ್ಪಾನ್, ಸಾಮಾನ್ಯದವನಲ್ಲ, ಎಡಗೈ ಪಿಚ್ಚರ್‌ಗಳ ಸಾರ್ವಕಾಲಿಕ ಪಟ್ಟೀಲಿ ಮೇಲೇ ಇರೋನು. ಮೇಸ್ ಹೊಡೆದಿದ್ದು ಎಡಗಡೆ ಚಾವಣಿ ಮೇಲಕ್ಕೆ ಹೋಯ್ತು. ಮೊದಲ ಹಿಟ್ಟೇ ಹೋಮ್ ರನ್ನು. ಈ ಸಲ ಉಲ್ಟಾ, ಇವನು ಹೊಡೆದ ದಿನ ಟೀಮ್ ಸೋತ್ರು! ಸರಿ, ಇನ್ನು ಗಾಡಿ ಓಡುತ್ತೆ ಅಂದ್ಕೊಂಡ್ರೆ ಮತ್ತೆ ಹದಿಮೂರು ಸಲ ಸೊನ್ನೆ. ಒಟ್ಟು 26 ಸಲದಲ್ಲಿ 1 ಹಿಟ್. ಹುಡುಗ ಡ್ರೆಸ್ಸಿಂಗ್ ರೂಮಲ್ಲಿ ಕೂತು ಅತ್ತ, ನನ್ನನ್ನ ವಾಪಸ್ ಕಳಿಸ್ಬಿಡಿ ಅಂದ, ಡುರೋಷರ್ ಪಕ್ಕದಲ್ಲಿ ಕೂತು ನಾನಿಲ್ಲಿ ಮ್ಯಾನೇಜರ್ ಆಗಿರೋ ತನಕ ಸೆಂಟರ್ ಫೀಲ್ಡ್ ನಿಂದೇ, ನಾಳೆನೂ ನೀನೇ, ನಾಡಿದ್ದೂ ನೀನೇ ಅಂತ ಹೇಳಿದ, ಈ ಪ್ರಸಂಗ ಇಬ್ಬರೂ ಆಮೇಲೆ ಬೇಕಾದಷ್ಟು ಸಲ ಹೇಳ್ಕೊಂಡಿದಾರೆ. ಎಲ್ಲರ ಮೇಲೂ ಕೂಗಾಡೋ ಮನುಷ್ಯನಿಗೆ ಯಾರ ಮೇಲೆ ಕೂಗಬಾರದು ಅಂತ ಗೊತ್ತಿತ್ತು, ಅಷ್ಟರ ಮಟ್ಟಿಗೆ ನನಗೆ ಈ ಡುರೋಷರ್ ಬಗ್ಗೆ ಗೌರವ. ಮೇಸ್ ಆ ವರ್ಷ 20 ಹೋಮ್ ರನ್ ಹೊಡೆದು ರೂಕಿ ಆಫ್ ದಿ ಇಯರ್, ಅಂದ್ರೆ ವರ್ಷದ ಅತ್ಯುತ್ತಮ ಹೊಸ ಆಟಗಾರ ಆದ. 2024ರ ಜೂನಲ್ಲಿ ತೀರ್ಕೊಂಡಾಗ 93 ವರ್ಷ.

ಮುಂದಿನದ್ದು ಬೇಗ ಹೇಳ್ತೀನಿ, ಎಲ್ಲಾ ಕಡೆ ಸಿಗುತ್ತೆ. ಆಗಸ್ಟ್ 11ಕ್ಕೆ ಡಾಡ್ಜರ್ಸ್ 13 ಆಟ ಮುಂದೆ. ಮಾರನೇ ದಿನದಿಂದ ಜೈಂಟ್ಸ್ ಸತತ 16 ಗೆದ್ರು, ಕೊನೇ 44ರಲ್ಲಿ 37. ಸೆಪ್ಟೆಂಬರ್ 30, ಸೀಸನ್ನಿನ ಕೊನೇ ದಿನ, ಜೈಂಟ್ಸ್ ಮತ್ತೆ ಅದೇ ಬಾಸ್ಟನ್‌ನಲ್ಲಿ, ಪಿಚಿಂಗ್ ಮತ್ತೆ ಅದೇ ಲ್ಯಾರಿ ಜಾನ್ಸನ್, 3-2ಕ್ಕೆ ಗೆಲುವು. ಏಪ್ರಿಲ್ 17ಕ್ಕೆ ಅಂಗಡಿ ತೆಗೆದೋನೇ ಅದೇ ಊರಲ್ಲಿ ಬಾಗಿಲು ಹಾಕಿದ. ಅದೇ ದಿನ ಡಾಡ್ಜರ್ಸ್‌ನ ರಾಬಿನ್ಸನ್ ಫಿಲಡೆಲ್ಫಿಯಾದಲ್ಲಿ ಹದಿನಾಲ್ಕನೇ ಇನ್ನಿಂಗ್ಸಲ್ಲಿ ಹೋಮ್ ರನ್ ಹೊಡೆದು ತನ್ನ ಟೀಮನ್ನ ಉಳಿಸಿದ. ಎರಡೂ ಟೀಮು 96-58. ಪ್ಲೇಆಫ್, ಮೂರನೇ ಆಟ, ಥಾಮ್ಸನ್, 5-4. ಗೆದ್ದ ಪಿಚ್ಚರ್ ಅಂತ ಪುಸ್ತಕದಲ್ಲಿ ಇರೋ ಹೆಸರು ಮತ್ತೆ ಜಾನ್ಸನ್. ಥಾಮ್ಸನ್ ಹೊಡೆದಾಗ ಮುಂದಿನ ಬ್ಯಾಟಿಂಗಿಗೆ ಕಾಯ್ತಾ ನಿಂತಿದ್ದೋನು ವಿಲ್ಲಿ ಮೇಸ್. ಇಷ್ಟೆಲ್ಲ ಆಗಿ ವರ್ಲ್ಡ್ ಸೀರೀಸಲ್ಲಿ ಯಾಂಕೀಸ್ ಕೈಲಿ 4-2ಕ್ಕೆ ಸೋತ್ರು ಅನ್ನೋದು ಬೇರೆ ಮಾತು.

ಆ ಹನ್ನೊಂದರಲ್ಲಿ ಒಂದೇ ಒಂದು ಗೆದ್ದಿದ್ರೂ ಪ್ಲೇಆಫೇ ಇರ್ತಿರಲಿಲ್ಲ, ಥಾಮ್ಸನ್ ಹೊಡೆಯೋಕೆ ಆ ಬುಧವಾರ ಮಧ್ಯಾಹ್ನವೇ ಇರ್ತಿರಲಿಲ್ಲ. ಹನ್ನೊಂದರಲ್ಲಿ ಐದು ಡಾಡ್ಜರ್ಸ್ ಕೈಲೇ ಸೋತಿದ್ದು, ಅದರಲ್ಲೊಂದು ಗೆದ್ದಿದ್ರೆ ಎರಡು ಆಟದ ಅಂತರ. ನಾನಿದನ್ನ ಹೆಂಡ್ತಿಗೆ ಮೆಟ್ಟಿಲ ಮೇಲೆ ವಿವರಿಸ್ದೆ. ಅವಳು ಪೂರ್ತಿ ಕೇಳಿಸ್ಕೊಂಡು ಕೇಳಿದ್ದು ಒಂದೇ ಪ್ರಶ್ನೆ, "ಆ ಹುಡುಗ ಬಂದ್ನಲ್ಲ, ಅವನಿಗೆ ಜಾಗ ಮಾಡಿಕೊಡೋಕೆ ಯಾರನ್ನ ತೆಗೆದ್ರು?"

ಇಷ್ಟು ವರ್ಷ ಓದಿದೀನಿ, ಈ ಪ್ರಶ್ನೆ ನನಗೆ ಮೊದಲು ಹೊಳೆದಿರಲಿಲ್ಲ ಅಂತ ಒಪ್ಕೋಬೇಕು. ಉತ್ತರ ಮಾತ್ರ ಗೊತ್ತಿತ್ತು. ಆರ್ಟಿ ವಿಲ್ಸನ್.

ವಿಲ್ಸನ್ ಬರ್ಮಿಂಗ್‌ಹ್ಯಾಮ್ ಬ್ಲ್ಯಾಕ್ ಬ್ಯಾರನ್ಸ್ ಅನ್ನೋ ನೀಗ್ರೋ ಲೀಗ್ ಟೀಮಿನ ಶಾರ್ಟ್‌ಸ್ಟಾಪ್, ಅಂದ್ರೆ ಎರಡನೇ ಮತ್ತು ಮೂರನೇ ಬೇಸ್ ನಡುವೆ ನಿಲ್ಲೋ ಫೀಲ್ಡರ್. 1948ರಲ್ಲಿ ಅದೇ ಟೀಮಿಗೆ ಹದಿನೇಳು ವರ್ಷದ ಮೇಸ್ ಬಂದು ಸೇರಿದ, ಇವನು ಅವನಿಗೆ ಅಣ್ಣನ ಹಾಗೆ. 1949ರಲ್ಲಿ ವಿಲ್ಸನ್ ಪೆಸಿಫಿಕ್ ಕೋಸ್ಟ್ ಲೀಗಿಗೆ ಹೋಗಿ ಅಲ್ಲಿ ಬ್ಯಾಟಿಂಗ್ ಸರಾಸರೀಲಿ ಮೊದಲು ಬಂದ. ಎಡಗೈ ಬ್ಯಾಟ್ಸ್‌ಮನ್, ಆದ್ರೆ ಹೊಡೀತಿದ್ದಿದ್ದೆಲ್ಲ ಎಡಗಡೆಗೇ, ಅದೇ ಅವನ ಶೈಲಿ. ಮೂವತ್ತನೇ ವಯಸ್ಸಿಗೆ, 1951ರ ಏಪ್ರಿಲಲ್ಲಿ, ಜೈಂಟ್ಸ್ ಜೊತೆ ಮೇಜರ್ ಲೀಗಿಗೆ ಬಂದ. ಬಂದ್ರೆ ಎದುರಿಗೆ ಡಾಡ್ಜರ್ಸ್ ಮ್ಯಾನೇಜರ್ ಯಾರು, ಚಾರ್ಲಿ ಡ್ರೆಸೆನ್, ಅದೇ ಪೆಸಿಫಿಕ್ ಕೋಸ್ಟ್ ಲೀಗಿನ ಓಕ್‌ಲ್ಯಾಂಡ್ ಟೀಮಲ್ಲಿ ವಿಲ್ಸನ್‌ಗೇ ಮ್ಯಾನೇಜರ್ ಆಗಿದ್ದೋನು. ಇವನು ಬಲಗಡೆಗೆ ಹೊಡೆಯಲ್ಲ ಅಂತ ಅವನಿಗೆ ಅಂಗೈ ಗೆರೆಯಷ್ಟು ಸ್ಪಷ್ಟ. ವಿಲ್ಸನ್ ಬ್ಯಾಟ್ ಹಿಡಿದು ನಿಂತಾಗ ಡ್ರೆಸೆನ್ ತನ್ನ ರೈಟ್ ಫೀಲ್ಡರ್ ಕಾರ್ಲ್ ಫುರಿಲೋನ ಒಳಗೆ ಕರೆಸಿ ಇನ್‌ಫೀಲ್ಡಲ್ಲಿ ನಿಲ್ಸಿದ, ಬಲಗಡೆ ಇಡೀ ಬಯಲು ಖಾಲಿ. ಕ್ರಿಕೆಟ್ಟಲ್ಲಿ ಲೆಗ್ ಸೈಡಲ್ಲಿ ಒಬ್ಬ ಫೀಲ್ಡರ್ರೂ ಇಲ್ದೇ ಬೌಲಿಂಗ್ ಮಾಡಿದ ಹಾಗೆ, ಬೇಕಾದ್ರೆ ಹೊಡಿ ಅಂತ. ವಿಲ್ಸನ್‌ಗೆ ಆಗ್ಲಿಲ್ಲ.

ಮೇ ಕೊನೇ ವಾರ ಮೇಸ್‌ಗಾಗಿ ವಿಲ್ಸನ್‌ನ ಕೆಳಗೆ ಕಳಿಸಿದ್ರು. ಆಮೇಲೂ ಬಹಳ ವರ್ಷ ಪಶ್ಚಿಮದ ಆ ಲೀಗಲ್ಲಿ ಆಡಿದ, ಮೇಜರ್ ಲೀಗಿಗೆ ವಾಪಸ್ ಬರ್ಲಿಲ್ಲ. ಜೈಂಟ್ಸ್ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಇರೋದು ಒಂದೇ ಸಾಲು, 1951, 19 ಆಟ, 22 ಸಲ ಬ್ಯಾಟಿಂಗ್, 4 ಹಿಟ್, ಎಲ್ಲವೂ ಆ ಏಪ್ರಿಲ್ ಮೇ ತಿಂಗಳಲ್ಲಿ.

ಕಾಫಿ 145ನೇ ಸ್ಟ್ರೀಟ್ ಹತ್ರ ಸಿಕ್ತು. ಚೆನ್ನಾಗಿರಲಿಲ್ಲ.